ಐದು ಕವರು, ಒಂದು ಮುಡಿಪು

ಶಿಸ್ತು ನನಗೆ ಹುಟ್ಟಿನಿಂದ ಬಂದದ್ದಲ್ಲ, ಗ್ಯಾಸ್ ಸಿಲಿಂಡರಿನಿಂದ ಬಂದದ್ದು. ಮದುವೆಯಾಗಿ ಕಾರ್ಕಳಕ್ಕೆ ಬಂದ ಹೊಸತರಲ್ಲಿ, ಮನೆ ತುಂಬ ನೆಂಟರಿದ್ದ ದಿನವೇ, ಸಾರು ಕುದಿಯುವ ಮೊದಲು ಒಲೆ ಆರಿಹೋಯಿತು. ಅತ್ತೆ ನನ್ನನ್ನು ಬೈಯಲಿಲ್ಲ. ಸುಮ್ಮನೆ ಗೋಡೆಯ ಕ್ಯಾಲೆಂಡರಿನ ಕಡೆಗೆ ನೋಡಿದರು. ಆ ನೋಟದ ಅರ್ಥ ತಿಳಿಯಲು ನನಗೆ ಎರಡು ದಿನ ಹಿಡಿಯಿತು. ತಿಳಿದ ಮೇಲೆ ಇವತ್ತಿನವರೆಗೂ ನಾನು ಕ್ಯಾಲೆಂಡರಿನಲ್ಲಿ ಏನಾದರೂ ಬರೆಯದ ದಿನವಿಲ್ಲ. ಸಿಲಿಂಡರ್ ಜೋಡಿಸಿದ ದಿನ, ಹಾಲು ಬಾರದ ದಿನ, ಒಡೆದ ತೆಂಗಿನಕಾಯಿಗಳ ಲೆಕ್ಕ, ಬೆಕ್ಕು ಮರಿ ಹಾಕಿದ್ದು, ಇವರು ಕೂದಲು ಕತ್ತರಿಸಿಕೊಂಡದ್ದು, ಎಲ್ಲವೂ ಅಲ್ಲಿ ಉಂಟು. ಹಬ್ಬದ ದಿನದ ಚೌಕದಲ್ಲಿ ದೇವರ ಚಿತ್ರವಿದ್ದರೆ, ಅದರ ಪಾದದ ಹತ್ತಿರ ಸಣ್ಣ ಅಕ್ಷರದಲ್ಲಿ 'ಗ್ರೈಂಡರ್ ಮತ್ತೆ ನಡೆಯಿತು' ಎಂದು ಬರೆದದ್ದೂ ಉಂಟು.

ಗ್ರೈಂಡರ್ ನಡೆಯುವುದು ನಿಜ. ಹದಿನೇಳು ವರ್ಷ ಹಳೆಯದು. ಇಡ್ಲಿಯ ಉದ್ದು ಹಾಕಿ ಗುಂಡಿ ಒತ್ತಿದರೆ ಅದು ಕಪಾಟಿನ ಬದಿಯಿಂದ ಹೊರಟು, ಹಿಟ್ಟು ನುಣ್ಣಗಾಗುವ ಹೊತ್ತಿಗೆ ಹಿಂಬಾಗಿಲ ಹೊಸ್ತಿಲಿಗೆ ಮುಟ್ಟಿರುತ್ತದೆ. ನಾನು ಒಂದು ಕಾಲನ್ನು ಅದಕ್ಕೆ ಅಡ್ಡ ಕೊಟ್ಟು ನಿಂತುಕೊಂಡೇ ಚಟ್ನಿಗೆ ಕಾಯಿ ತುರಿಯುತ್ತೇನೆ. ಹೊಸದಕ್ಕೆಂದು ಅಕ್ಕಿ ಡಬ್ಬದ ಹಿಂದಿನ ಸ್ಟೀಲ್ ಡಬ್ಬಿಯಲ್ಲಿ ಒಂದೂವರೆ ವರ್ಷದಿಂದ ಹಣ ಕೂಡಿಸುತ್ತಿದ್ದೆ. ಈ ಪ್ರಬಂಧದ ಕೊನೆಯವರೆಗೂ ಆ ಡಬ್ಬಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ವಿನಂತಿ.

ನಮ್ಮವರು, ಅಂದರೆ ಸದಾನಂದರು, ಕಾರ್ಕಳದ ಪೇಟೆಯಲ್ಲಿ ಪೈಂಟಿನ ಅಂಗಡಿ ಇಟ್ಟಿದ್ದಾರೆ. ಪೈಂಟ್ ಕಂಪೆನಿಯವರಿಗೆ ಒಂದು ಅಭ್ಯಾಸ. ಇಷ್ಟು ಡಬ್ಬ ಮಾರಿದರೆ ಗೋಡೆ ಗಡಿಯಾರ, ಅಷ್ಟು ಮಾರಿದರೆ ಸೂಟ್‌ಕೇಸ್, ಅದಕ್ಕೂ ಹೆಚ್ಚು ಮಾರಿದರೆ ದಂಪತಿ ಸಮೇತ ಪ್ರವಾಸ. ನಮ್ಮ ಮನೆಯಲ್ಲಿ ಆರು ಗೋಡೆ ಗಡಿಯಾರಗಳಿವೆ, ಒಂದೊಂದು ಕೋಣೆಯಲ್ಲಿ ಒಂದೊಂದು ಸಮಯ. ಕಳೆದ ವರ್ಷ ಮಾತ್ರ ಇವರು ಛಲ ಹಿಡಿದು ಮಾರಿ ಪ್ರವಾಸ ಗೆದ್ದರು. ಗೋವಕ್ಕೆ ಎರಡು ದಿನ, ಬಸ್ಸು ಕಂಪೆನಿಯದ್ದು, ಹೋಟೆಲು ಕಂಪೆನಿಯದ್ದು, ಒಂದು ಸಂಜೆ ನದಿಯಲ್ಲಿ ನಿಲ್ಲಿಸಿದ ಕ್ಯಾಸಿನೋ ಹಡಗಿನ ಪ್ರವೇಶವೂ ಕಂಪೆನಿಯದ್ದು. ಆಡುವ ಹಣ ಮಾತ್ರ ನಮ್ಮದು.

ಈ ಕೊನೆಯ ವಾಕ್ಯವನ್ನು ಇವರು ನನಗೆ ಹೇಳಿದ್ದು ಕೈತೊಳೆಯುವ ಹೊತ್ತಿಗೆ, ನೀರಿನ ಸದ್ದಿನ ನಡುವೆ.

"ಎಷ್ಟು?" ಅಂದೆ.

"ಹೆಚ್ಚೆಂತ ಇಲ್ಲ. ಒಂದು ಹತ್ತು ಸಾವಿರ. ಎಲ್ಲರೂ ಆಡುವಾಗ ನಾನೊಬ್ಬ ಕೈ ಕಟ್ಟಿಕೊಂಡು ನಿಲ್ಲುದಾ?"

ನಾನು ಬೇಡ ಅನ್ನಲಿಲ್ಲ. ಬೇಡ ಅಂದರೆ ಇವರು ನನಗೆ ಹೇಳದೆ ಇಪ್ಪತ್ತು ತೆಗೆದುಕೊಂಡು ಹೋಗುವ ಜನ. ಬದಲಿಗೆ ಕಾಪುವಿನ ಫೆಲಿಕ್ಸ್ ಪರ್ಬುಗಳಿಗೆ ಫೋನು ಮಾಡಿದೆ. ಅವರೂ ಪೈಂಟ್ ಅಂಗಡಿಯವರೇ. ಹಿಂದೆ ಮೂರು ಸಲ ಪ್ರವಾಸ ಗೆದ್ದವರು, ಈ ಸಲವೂ ಜೋಡಿಯಾಗಿ ಬರುವವರು, ಆ ಹಡಗಿನ ಒಳಹೊರಗು ಬಲ್ಲವರು.

"ವಾರಿಜಕ್ಕ, ಅದು ಬಹಳ ಸುಲಭ," ಎಂದರು ಪರ್ಬುಗಳು. "ಕಳೆದುಕೊಂಡರೂ ನಿದ್ರೆ ಬರುವಷ್ಟೇ ಹಣ ಹಿಡ್ಕೊಳ್ಳಿ. ಅದನ್ನು ಪಾಲು ಮಾಡಿ. ಒಂದು ಪಾಲು ಮುಗಿದರೆ ಎದ್ದು ಬನ್ನಿ. ಹೋದ ಹಣದ ಹಿಂದೆ ಹೋಗ್ಬೇಡಿ. ಗೆದ್ದದ್ದನ್ನು ಪುನಃ ಮೇಜಿಗೆ ಇಡ್ಬೇಡಿ."

"ನೀವು ಹಾಗೆಯೇ ಮಾಡುದಾ?"

ಆ ಕಡೆಯಿಂದ ಅವರ ಹೆಂಡತಿ ಐರಿನ್ ಬಾಯಮ್ಮನ ನಗು ಕೇಳಿತು.

ಆದರೂ ಮಾತು ನನಗೆ ಹಿಡಿಸಿತು. ಇದು ಸಿಲಿಂಡರಿನ ಲೆಕ್ಕವೇ ಅಲ್ಲವೇ? ನಲವತ್ತೆರಡು ದಿನ ಬರಬೇಕಾದದ್ದನ್ನು ಮೂವತ್ತು ದಿನಕ್ಕೆ ಮುಗಿಸಿದರೆ ಉಳಿದ ಹನ್ನೆರಡು ದಿನ ಅವಲಕ್ಕಿ. ಮನೆಗೆ ಬಂದ ಮದುವೆ ಕಾಗದಗಳ ಕವರುಗಳನ್ನು ನಾನು ಎಸೆಯುವುದಿಲ್ಲ. ಅವುಗಳಿಂದ ಗಟ್ಟಿಯಾದ ಐದನ್ನು ಆರಿಸಿ ಒಂದೊಂದರಲ್ಲಿ ಎರಡು ಸಾವಿರ ಹಾಕಿದೆ. ಮೇಲೆ ಬರೆದೆ: ನಾಲ್ಕು ಗಂಟೆ, ಐದು ಗಂಟೆ, ಆರು ಗಂಟೆ, ಏಳು ಗಂಟೆ. ಐದನೆಯದರ ಮೇಲೆ 'ಬಿಡಿಸಬಾರದು'. ಕಂಪೆನಿಯವರು ರೇಟು ಕಡಿಮೆಯೆಂದು ಮಧ್ಯಾಹ್ನದ ನಂತರದ ಟಿಕೇಟನ್ನೇ ತೆಗೆದಿದ್ದರು, ಎಂಟಕ್ಕೆ ಇಳಿಯಬೇಕು. ಒಂದು ಗಂಟೆಯ ಕವರು ಮೊದಲೇ ಮುಗಿದರೆ ಮುಂದಿನ ಗಂಟೆಯವರೆಗೆ ಊಟದ ಮಹಡಿಯಲ್ಲಿ ಕೂರುವುದು. ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಯಮಗಳನ್ನೂ ಬರೆದೆ. ಒಂದನೆಯ ನಿಯಮ: ಗ್ರೈಂಡರಿನ ಹಣಕ್ಕೆ ಕೈ ಹಾಕಬಾರದು. ಎರಡನೆಯ ನಿಯಮ: ಅಂಗಡಿಯ ಹಣಕ್ಕೆ ಕೈ ಹಾಕಬಾರದು. ಇವರು ಓದಿ, "ಸಹಿ ಹಾಕ್ಬೇಕಾ?" ಎಂದು ಕೇಳಿದರು. ಹಾಕಿಸಿದೆ.

ಒಂದು ತೊಡಕು ಉಳಿಯಿತು. ಗೆದ್ದ ಹಣವನ್ನು ಪುನಃ ಮೇಜಿಗೆ ಇಡದಂತೆ ತಡೆಯುವುದು ಹೇಗೆ? ಇವರ ಕೈಯಿಂದ ಹಣ ಕಿತ್ತುಕೊಳ್ಳಬಹುದು, ಬಾಯಿಯನ್ನು ಏನು ಮಾಡುವುದು? 'ಐದು ಗಂಟೆಯ ಕವರಿಗೆ ಒಂದು ಸಾವಿರ ಸಾಲ ಕೊಡು, ಆರು ಗಂಟೆಗೆ ತೀರಿಸ್ತೇನೆ' ಎಂದು ಶುರುಮಾಡಿದರೆ ನಾನು ಎಷ್ಟು ಹೊತ್ತು ತಡೆದುಕೊಂಡೇನು? ಆಗ ನನಗೊಂದು ಘಟನೆ ನೆನಪಾಯಿತು. ಒಮ್ಮೆ ಮಳೆಯಲ್ಲಿ ರಿಕ್ಷಾಕ್ಕೆ ಚಿಲ್ಲರೆ ಇಲ್ಲದೆ ಮನೆಯೆಲ್ಲ ಹುಡುಕಿದೆವು. ದೇವರ ಕೋಣೆಯಲ್ಲಿ ಮುಡಿಪು ಇತ್ತು. ಹರಕೆ ಹೇಳಿ ಅರಸಿನ ಬಟ್ಟೆಯಲ್ಲಿ ಕಟ್ಟಿಟ್ಟ ನಾಣ್ಯಗಳು. "ಸಂಜೆ ತಿರುಗಿ ಹಾಕುವ" ಎಂದು ನಾನೇ ಬಾಯಿ ಜಾರಿ ಹೇಳಿದೆ. ಇವರು ಕೆನ್ನೆ ಬಡಿದುಕೊಂಡು, ಕೊಡೆ ಬಿಡಿಸಿ, ಅಂಗಡಿಯವರೆಗೆ ಎರಡು ಕಿಲೋಮೀಟರ್ ನಡೆದೇ ಹೋದರು. ಲೋಕದಲ್ಲಿ ಇವರು ಮುಟ್ಟದ ಹಣ ಅದೊಂದೇ.

ಹಾಗಾಗಿ ಹೊರಡುವ ಹಿಂದಿನ ದಿನ ದೀಪ ಹಚ್ಚಿ ಹರಕೆ ಹೇಳಿದೆ. ಹಡಗಿನಲ್ಲಿ ಗೆದ್ದದ್ದೆಲ್ಲ ಇನ್ನಂಜೆಯ ನನ್ನ ತವರುಮನೆಯ ದೈವಕ್ಕೆ. ಬಟ್ಟೆಯ ತುಂಡನ್ನು ಅರಸಿನದಲ್ಲಿ ಅದ್ದಿ ಒಣಗಿಸಿ ಸ್ಟೀಲ್ ಕರಡಿಗೆಯಲ್ಲಿಟ್ಟುಕೊಂಡೆ. ಇಷ್ಟು ಬುದ್ಧಿವಂತಿಕೆಯ ಏರ್ಪಾಡನ್ನು ಪರ್ಬುಗಳು ಮೂರು ಪ್ರವಾಸದಲ್ಲೂ ಕಂಡಿರಲಿಕ್ಕಿಲ್ಲ ಎಂದು ನನ್ನಷ್ಟಕ್ಕೆ ಹೆಮ್ಮೆಪಟ್ಟೆ.

ಬೆಳಗ್ಗೆ ಆರಕ್ಕೆ ಮಣಿಪಾಲದಿಂದ ಬಸ್ಸು ಹೊರಟಿತು. ದಾರಿಯುದ್ದಕ್ಕೂ ಹಾಡು, ತಿನ್ನಲಿಕ್ಕೆ ಗುಂಡಪ್ಪ, ಚಕ್ಕುಲಿ. ಅದನ್ನೆಲ್ಲ ಬರೆಯುವುದಿಲ್ಲ. ಹಡಗಿನ ಬಾಗಿಲಲ್ಲಿ ಚೀಲ ತಪಾಸಣೆ. ಕಾವಲಿನವ ನನ್ನ ಕರಡಿಗೆ ತೆರೆದು ಅರಸಿನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಐರಿನ್ ಬಾಯಮ್ಮ ಕೊಂಕಣಿಯಲ್ಲಿ ಏನೋ ಹೇಳಿದರು. ಅವನು ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ಮರಳಿಸಿದ. "ಎಂತ ಹೇಳಿದಿರಿ?" ಅಂದೆ. "ದೇವರದ್ದು ಅಂದೆ. ಮತ್ತೆಂತ ಹೇಳುದು? ಗಂಡನನ್ನು ಕಟ್ಲಿಕ್ಕೆ ಅಂತ ಹೇಳ್ಲಿಕ್ಕಾಗ್ತದಾ?" ಎಂದರು ಬಾಯಮ್ಮ.

ಒಳಗೆ ಹಣ ಕೊಟ್ಟರೆ ಬಿಲ್ಲೆ ಕೊಡುತ್ತಾರೆ. ಸಾವಿರದ್ದು ನೀಲಿ ಬಿಲ್ಲೆ, ಕೇರಂ ಸ್ಟ್ರೈಕರಿನಷ್ಟು ದೊಡ್ಡದು. ನಾಲ್ಕು ಗಂಟೆಯ ಕವರು ಎರಡು ಬಿಲ್ಲೆಯಾಯಿತು. ಇವರು ಆರಿಸಿಕೊಂಡದ್ದು ಗೋಲಿಯ ಚಕ್ರ. ದೊಡ್ಡ ಚಕ್ರದಲ್ಲಿ ಕೆಂಪು ಮನೆ, ಕಪ್ಪು ಮನೆ. ಬಿಳಿ ಗೋಲಿ ಓಡಿ ಓಡಿ ಒಂದರಲ್ಲಿ ಬೀಳುತ್ತದೆ. ನಾವು ಇಟ್ಟ ಬಣ್ಣದಲ್ಲಿ ಬಿದ್ದರೆ ಇಟ್ಟಷ್ಟೇ ಮೇಲೆ ಸಿಗುತ್ತದೆ. ಬೇರೆಯವರು ಮಕ್ಕಳ ಹುಟ್ಟಿದ ದಿನ, ಬೈಕಿನ ನಂಬರು ಎಂದು ಯೋಚಿಸುತ್ತಿದ್ದರೆ ಇವರು ಕಣ್ಣುಮುಚ್ಚಿ ಕೆಂಪಿಗೆ ಇಟ್ಟರು.

"ಕೆಂಪೇ ಯಾಕೆ?"

"ಮೂವತ್ತು ವರ್ಷದಿಂದ ನೋಡ್ತಿದ್ದೇನೆ, ರೆಡ್ ಆಕ್ಸೈಡ್ ಹೋದಷ್ಟು ಬೇರೆ ಬಣ್ಣ ಹೋಗುದಿಲ್ಲ. ಮಳೆಗಾಲದ ಮೊದಲು ಗೇಟು, ಗ್ರಿಲ್ಲು, ನೆಲ, ಎಲ್ಲದಕ್ಕೂ ಅದೇ."

ಕಪ್ಪು ಬಂತು. ಇನ್ನೊಂದು ಬಿಲ್ಲೆ ಇಟ್ಟರು. ಮತ್ತೆ ಕಪ್ಪು. ನಾಲ್ಕು ಗಂಟೆಯ ಕವರು ನಾಲ್ಕು ಗಂಟೆ ಆರು ನಿಮಿಷಕ್ಕೆ ಖಾಲಿ. "ಇದು ಮಳೆಗಾಲದ ಮೊದಲಿನ ಸಮಯ ಅಲ್ಲ," ಎಂದು ನಾನು ಹೇಳಬಾರದಿತ್ತು. ಹೇಳಿದೆ.

ಉಳಿದ ಐವತ್ತನಾಲ್ಕು ನಿಮಿಷ ಊಟದ ಮಹಡಿ. ಇವರು ಸೇಡು ತೀರಿಸಿಕೊಳ್ಳುವವರಂತೆ ತಟ್ಟೆ ತುಂಬಿಸಿಕೊಂಡು ಬಂದು, ಮೀನಿನ ತುಂಡನ್ನು ಬಿಡಿಸಿ ನೋಡಿ, "ಈ ಅಂಜಲ್ ಮಲ್ಪೆ ಬಿಟ್ಟು ಒಂದು ವಾರ ಆಗಿರ್ಬೇಕು," ಎಂದು ತೀರ್ಪು ಕೊಟ್ಟು, ಅದನ್ನೇ ಮೂರು ಸಲ ಹಾಕಿಸಿಕೊಂಡರು. ನಾನು ಹಾಲಿನ ಲೆಕ್ಕದ ಸಣ್ಣ ಡೈರಿ ತೆಗೆದು, 'ಕಪ್ಪು, ಕಪ್ಪು' ಎಂದು ಬರೆದಿಟ್ಟೆ. ಯಾಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನನ್ನ ಕಣ್ಣೆದುರು ಏನಾದರೂ ನಡೆದು ಅದನ್ನು ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ.

ಐದು ಗಂಟೆಗೆ ಕೆಂಪಿಗೆ ಮಳೆಗಾಲದ ಮೊದಲಿನ ಸಮಯ ಬಂತು. ಮೊದಲ ಸುತ್ತಿಗೇ ಕೆಂಪು. ಮೇಜಿನ ಹುಡುಗಿ ಇವರ ಬಿಲ್ಲೆಯ ಪಕ್ಕ ಇನ್ನೊಂದು ಬಿಲ್ಲೆ ತಳ್ಳಿದಳು. ಇವರ ಕೈ ಅದರ ಮೇಲೆ ಹೋಗುವ ಮೊದಲು ನಾನು ಹಿಂದಿನಿಂದ ಅರಸಿನ ಬಟ್ಟೆ ಚಾಚಿ, "ಇಲ್ಲಿ ಹಾಕಿ," ಅಂದೆ. ಇವರು ತಿರುಗಿ ನೋಡಿದರು. ಬಟ್ಟೆ ನೋಡಿದರು. ಮುಖದಲ್ಲಿ ಏನೋ ಆಸೆ ಎದ್ದು, ನಿಂತು, ಸತ್ತುಹೋದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಎರಡೂ ಕೈಯಲ್ಲಿ ಬಿಲ್ಲೆ ಹಿಡಿದು, ಆರತಿ ತಟ್ಟೆಗೆ ಹಾಕುವಂತೆ ಬಗ್ಗಿ ಹಾಕಿದರು. ಆ ಗಂಟೆಯಲ್ಲಿ ಏಳು ಸಲ ಕೆಂಪು ಬಂತು, ಏಳು ಸಲ ಹಾಗೆಯೇ ಬಗ್ಗಿದರು. ಸೋತಾಗ ಮಾತ್ರ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿದ್ದ ಹೊರರಾಜ್ಯದ ಒಬ್ಬ ಯಜಮಾನರು ಇದೇನೋ ಗೆಲ್ಲುವ ಉಪಾಯವೆಂದು ತಿಳಿದು, ತಮ್ಮ ಬಿಲ್ಲೆಗಳನ್ನೂ ನನ್ನ ಬಟ್ಟೆಗೆ ಮುಟ್ಟಿಸಿ ಮುಟ್ಟಿಸಿ ಇಡತೊಡಗಿದರು.

ಆರು ಗಂಟೆಯ ಕವರಿನಿಂದ ಒಂದು ಬಿಲ್ಲೆ ಬಟ್ಟೆಗೆ ಬಂತು. ಏಳು ಗಂಟೆಯದರಿಂದ ಮೂರು. ಗೆದ್ದದ್ದು ಬಟ್ಟೆಗೆ ಹೋಗಿ ಸೋತದ್ದು ಕವರಿನಿಂದ ಹೋದರೆ ಕವರು ಎಂದಿದ್ದರೂ ಖಾಲಿಯೇ ಆಗಬೇಕು ಎನ್ನುವ ಸತ್ಯ ನನಗೆ ಹೊಳೆದದ್ದು ಏಳೂ ನಲವತ್ತಕ್ಕೆ, ನಾಲ್ಕನೆಯ ಕವರೂ ಖಾಲಿಯಾದಾಗ. ಒಟ್ಟು ಲೆಕ್ಕ ಹೀಗೆ. ನಾವು ಎಂಟು ಸಾವಿರ ಸೋತಿದ್ದೆವು. ದೈವ ಹನ್ನೊಂದು ಸಾವಿರ ಗೆದ್ದಿತ್ತು. ಐದನೆಯ ಕವರು ಬಿಡಿಸದೆ ಉಳಿದಿತ್ತು. ಪರ್ಬುಗಳು ಅಷ್ಟು ಹೊತ್ತಿಗೆ ಬಾಯಮ್ಮನ ಹತ್ತಿರ ಎರಡನೆಯ ಸಲ ಸಾಲ ಕೇಳುತ್ತಿದ್ದರು. ನಾನು ಅವರ ಕಡೆಗೆ ನೋಡಿ ಕರುಣೆಯಿಂದ ನಕ್ಕೆ.

ಮುಂದಿನದ್ದನ್ನು ಎಚ್ಚರಿಕೆಯಿಂದ ಬರೆಯಬೇಕು. ಇಳಿಯುವ ಮೊದಲು ಹಣದ ಕೌಂಟರಿನ ಮುಂದೆ ಸಾಲು ಇತ್ತು. ಇವರು, "ಆ ಗಂಟು ಬಿಚ್ಚು," ಎಂದರು. ಹೌದು, ಅವರೇ ಹೇಳಿದ್ದು, ನಾನು ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಅಷ್ಟರಲ್ಲಿ ಬಟ್ಟೆಗೆ ಮೂರು ಗಂಟು ಹಾಕಿ, ಇನ್ನಂಜೆಯ ದಿಕ್ಕು ಯಾವುದೆಂದು ಅಂದಾಜಿಸಿ, ಆ ಕಡೆಗೆ ತಿರುಗಿ ಕೈಮುಗಿದಾಗಿತ್ತು.

"ಮುಡಿಪು ದಾರಿಯಲ್ಲಿ ಬಿಚ್ಲಿಕ್ಕುಂಟಾ?" ಅಂದೆ. "ಅದನ್ನು ಬಿಚ್ಚುದು ದೈವದ ಎದುರು. ಎಂತ ಮಾತಾಡ್ತೀರಿ ನೀವು, ಅದೂ ಇಂಥ ಜಾಗದಲ್ಲಿ ನಿಂತುಕೊಂಡು!"

"ತಪ್ಪಾಯ್ತು, ತಪ್ಪಾಯ್ತು," ಎಂದು ಇವರು ಕೆನ್ನೆ ಬಡಿದುಕೊಂಡರು. ಇಬ್ಬರೂ ಸಾಲು ಬಿಟ್ಟು ಹೊರಗೆ ಬಂದೆವು. ದೋಣಿ ಹತ್ತಿದೆವು.

ಮರುದಿನ ಬಸ್ಸಿನಿಂದಲೇ ಇನ್ನಂಜೆಗೆ ಫೋನು. ಅಲ್ಲಿ ನನ್ನ ಅಣ್ಣ ಇದ್ದಾನೆ, ದೈವದ ಕೆಲಸ ನೋಡಿಕೊಳ್ಳುವವನು.

"ಹನ್ನೊಂದು ಸಾವಿರವಾ?" ಎಂದ. "ಅಲ್ಲ ವಾರಿಜ, ಜೂಜಿನ ಹಣ ದೈವಕ್ಕೆ ಆಗ್ತದಾ?"

"ಕೋಳಿ ಅಂಕದ ಜೂಜಿನಲ್ಲಿ ಗೆದ್ದದ್ದು ನೀನು ಕೊಡುದಿಲ್ವಾ?"

"ಅದು ಹೌದು," ಎಂದ ಅಣ್ಣ. ಧ್ವನಿ ಕೂಡಲೇ ಬದಲಾಯಿತು. "ತೂಗುದೀಪ ಒಂದು ಬೇಕಿತ್ತು. ಉಡುಪಿಯಲ್ಲಿ ನೋಡಿಟ್ಟಿದ್ದೇನೆ. ಇವತ್ತೇ ತರ್ತೇನೆ, ಹಣ ಸಂಕ್ರಾಂತಿಗೆ ಕೊಡ್ತೇನೆ ಅಂತ ಹೇಳಿದರೆ ಅವರು ಒಪ್ತಾರೆ."

ಸಂಕ್ರಾಂತಿ ಎರಡು ದಿನ ಬಿಟ್ಟು. ತಿಂಗಳಿಗೊಮ್ಮೆ ಅವತ್ತು ದೈವಕ್ಕೆ ಹೂವು, ನೀರು ಇಡುವ ಕ್ರಮ. ನಾವು ಹೋಗುವಾಗ ದೀಪ ಆಗಲೇ ತೂಗುತ್ತಿತ್ತು, ಉರಿಯುತ್ತಿತ್ತು, ಬಹಳ ಚಂದ ಇತ್ತು. ನೆರೆಕರೆಯವರು ನಾಲ್ಕು ಜನ ಬಂದಿದ್ದರು. ಅಣ್ಣ ರಶೀದಿ ಪುಸ್ತಕ ತೆರೆದು ನನ್ನ ಹೆಸರು ಬರೆದು, ಮೊತ್ತವನ್ನೂ ಬರೆದು, ಹರಿದು ನನ್ನ ಕೈಗೆ ಕೊಟ್ಟ. ಆಮೇಲೆ ಹಿತ್ತಾಳೆ ತಟ್ಟೆಯಲ್ಲಿ ಕೇಪಳ ಹೂವಿನ ಪಕ್ಕ ಮುಡಿಪು ಇಟ್ಟು ಒಂದೊಂದೇ ಗಂಟು ಬಿಚ್ಚಿದ. ಮೂರನೆಯ ಗಂಟು ಬಿಚ್ಚಿದಾಗ ಹನ್ನೊಂದು ನೀಲಿ ಬಿಲ್ಲೆಗಳು ಟಕಟಕ ಎಂದು ತಟ್ಟೆಯಲ್ಲಿ ಉರುಳಿದವು. ಒಂದು ಉರುಳಿ ಹೋಗಿ ದೈವದ ಖಡ್ಗಕ್ಕೆ ಒರಗಿ ನಿಂತಿತು.

ಅಣ್ಣ ಒಂದನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದ.

"ಇದೆಂತ ಮಾರಾಯ್ತಿ? ಕೇರಂ ಆಟದ್ದಾ?"

ಆ ಕ್ಷಣದಲ್ಲಿ ನನಗೆ ಕಂಡದ್ದು ಬಿಲ್ಲೆಯಲ್ಲ, ಪಣಜಿಯ ಆ ಕೌಂಟರು. ಗಾಜಿನ ಹಿಂದೆ ಕೂತ ಆ ಹುಡುಗ, ಅವನ ಮುಂದೆ ಜೋಡಿಸಿಟ್ಟ ನೋಟಿನ ಕಟ್ಟುಗಳು. ಹೇಗೆ ಹೇಳುವುದು? ಆ ಗಂಟು ಕಟ್ಟಿದ ಮೇಲೆ ಅದು ನನ್ನ ಮನಸ್ಸಿನಲ್ಲಿ ಬಿಲ್ಲೆಯಾಗಿ ಉಳಿದೇ ಇರಲಿಲ್ಲ. ಮುಡಿಪು ಎಂದರೆ ಮುಡಿಪು. ಒಳಗೆ ಇರುವುದು ಗೋವದ ಹಡಗಿನ ಹೊರಗೆ ಮೂರು ಕಾಸಿಗೂ ಬಾರದ ಪ್ಲಾಸ್ಟಿಕ್ ಎಂದು ಹೊಳೆಯಲೇ ಇಲ್ಲ. ನಾನು ಮೆಲ್ಲಗೆ ವಿವರಿಸಿದೆ. ನೆರೆಕರೆಯ ಅಜ್ಜಿಯೊಬ್ಬರು, "ಹಾಗಾದರೆ ಇದನ್ನು ಹಣ ಮಾಡ್ಲಿಕ್ಕೆ ದೈವ ಗೋವಕ್ಕೆ ಹೋಗ್ಬೇಕಾ?" ಎಂದು ಬಹಳ ಚಿಂತೆಯಿಂದ ಕೇಳಿದರು.

"ದೀಪದವರು ಹಣಕ್ಕೆ ನಾಳೆ ಬರ್ತಾರೆ," ಎಂದ ಅಣ್ಣ. ದೈವಕ್ಕೆ ಹೇಳಿದ ಹಣ. ರಶೀದಿ ನನ್ನ ಕೈಯಲ್ಲಿತ್ತು.

ಕಾರು ಶಿರ್ವ ದಾಟಿತು. ಕೊನೆಗೆ ನಾನೇ ಅಂದೆ, "ಅಂಗಡಿಯಿಂದ ಸದ್ಯಕ್ಕೆ ಒಂದು ಹನ್ನೊಂದು ಸಾವಿರ..."

"ಎರಡನೆಯ ನಿಯಮ," ಎಂದರು ಇವರು. "ಅಂಗಡಿಯ ಹಣಕ್ಕೆ ಕೈ ಹಾಕಬಾರದು. ಸಹಿ ಹಾಕಿದ್ದೇನೆ."

"ಹಾಗಾದ್ರೆ ಒಂದನೆಯ ನಿಯಮ?"

"ಅದು ನಿನ್ನದ್ದು. ನನ್ನದ್ದನ್ನು ನಾನು ಪಾಲಿಸ್ತೇನೆ. ಶಿಸ್ತು ಅಂದ್ರೆ ಶಿಸ್ತು, ಅಲ್ವಾ?"

ಇಷ್ಟು ವರ್ಷದಲ್ಲಿ ಈ ಮನುಷ್ಯ ನನ್ನ ಮಾತನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಅದೇ ಸಂಜೆ ಅಕ್ಕಿ ಡಬ್ಬ ಸರಿಸಿ, ಸ್ಟೀಲ್ ಡಬ್ಬಿ ತೆರೆದೆ. ಹನ್ನೆರಡು ಸಾವಿರದ ಮುನ್ನೂರು ಇತ್ತು. ಹನ್ನೊಂದು ಎಣಿಸಿ ತೆಗೆದು ಅಣ್ಣನಿಗೆ ಕಳಿಸಿದೆ. ಖಾಲಿಯಾದ ಜಾಗದಲ್ಲಿ ಹನ್ನೊಂದು ಬಿಲ್ಲೆ ಇಟ್ಟು ಮುಚ್ಚಿದೆ. ಕ್ಯಾಲೆಂಡರಿನಲ್ಲಿ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, 'ಹಾಲು ಒಂದು ಲೀಟರ್' ಎಂದಷ್ಟೇ ಬರೆದೆ.

ಈಗ ಪ್ರಶ್ನೆ ಆ ಬಿಲ್ಲೆಗಳದ್ದು. ಅವು ಇನ್ನು ದೈವದ್ದಲ್ಲ, ನಾನು ದೈವದಿಂದ ಕೊಂಡದ್ದು. ಗೋವಕ್ಕೆ ಹೋಗಿ ಕೌಂಟರಿನಲ್ಲಿ ಕೊಟ್ಟರೆ ಹಣ ಸಿಗುತ್ತದೆ ಎಂದು ಪರ್ಬುಗಳು ಹೇಳಿದರು. ಆದರೆ ಕೌಂಟರು ಹಡಗಿನ ಒಳಗೆ. ಒಳಗೆ ಹೋಗಲು ಪ್ರವೇಶದ ಹಣ ಕೊಡಬೇಕು. ಈ ಸಲ ಕಂಪೆನಿ ಕೊಡುವುದಿಲ್ಲ. ಇಬ್ಬರ ಪ್ರವೇಶ, ರೈಲು, ಕೋಣೆ, ಎಲ್ಲ ಕೂಡಿಸಿದರೆ ಬಿಲ್ಲೆಯ ಹಣವೂ ಖರ್ಚೂ ಸರಿಸುಮಾರು ಸಮ. ಒಬ್ಬಳೇ ಹೋಗಿ ಅದೇ ದಿನ ಮರಳಿದರೆ ನಾಲ್ಕೈದು ಸಾವಿರ ಉಳಿಯುತ್ತದೆ. "ನಾನೂ ಬರ್ತೇನೆ ವಾರಿಜಕ್ಕ, ಕೊಂಕಣಿ ಮಾತಾಡ್ಲಿಕ್ಕೆ ಜನ ಬೇಕಲ್ವಾ?" ಎಂದಿದ್ದಾರೆ ಐರಿನ್ ಬಾಯಮ್ಮ. "ಆದರೆ ಕಂಪೆನಿಯ ಅಗ್ಗದ ಟಿಕೇಟಿನ ಹಾಗಲ್ಲ, ಪೂರ್ತಿ ರೇಟಿನ ಟಿಕೇಟಿನಲ್ಲಿ ಆಡ್ಲಿಕ್ಕೆ ಎರಡು ಬಿಲ್ಲೆಯೂ ಸೇರಿಯೇ ಬರ್ತದೆ. ಅದನ್ನು ಹಣ ಮಾಡ್ಲಿಕ್ಕಾಗುದಿಲ್ಲ. ಆಡಿಯೇ ಮುಗಿಸ್ಬೇಕು."

ಹಣ ಕೊಟ್ಟು ಪಡೆದದ್ದನ್ನು ಹಾಗೆಯೇ ಬಿಟ್ಟು ಬರುವುದು ನನ್ನ ಕೈಯಿಂದ ಆಗದ ಕೆಲಸ. ಮದುವೆ ಕಾಗದದ ಕವರನ್ನು ಎಸೆಯದವಳು ಎರಡು ಬಿಲ್ಲೆ ಬಿಟ್ಟು ಬಂದೇನೇ?

ನಿನ್ನೆ ಬೆಳಗ್ಗೆ ಉದ್ದು ಅರೆಯುತ್ತಾ, ಗ್ರೈಂಡರಿಗೆ ಕಾಲು ಅಡ್ಡ ಕೊಟ್ಟು, ಹಾಲಿನ ಲೆಕ್ಕದ ಡೈರಿ ನೋಡುತ್ತಿದ್ದೆ. ನಾಲ್ಕರಿಂದ ಎಂಟರವರೆಗೆ ನಮ್ಮ ಮೇಜಿನಲ್ಲಿ ಬಿದ್ದ ಬಣ್ಣಗಳೆಲ್ಲ ಸಾಲಾಗಿ ಅಲ್ಲಿವೆ. ಕಪ್ಪು ಎರಡು ಸಲ ಒಟ್ಟಿಗೆ ಬಂದ ಮೇಲೆ ಏನು ಬರುತ್ತದೆ ಎಂಬುದರಲ್ಲಿ ಒಂದು ಕ್ರಮ ಇರುವಂತೆ ಕಾಣುತ್ತದೆ. ಯಾರಾದರೂ ಸಾವಧಾನವಾಗಿ ಕೂತು ನೋಡಿದರೆ ತಿಳಿಯುವಂಥದ್ದು. ನಾನು ಅಷ್ಟು ಆಳಕ್ಕೆ ಇಳಿದಿದ್ದೆನೋ ಏನೋ, ಇವರು ಬಂದು ಪಕ್ಕದಲ್ಲಿ ನಿಂತದ್ದು ತಿಳಿಯಲಿಲ್ಲ. ಕೈಯಲ್ಲಿ ಬೇರೆ ಐದು ಹೊಸ ಕವರುಗಳಿದ್ದವು. ಮೇಜಿನ ಖಾನೆಯಲ್ಲಿ ಸಿಕ್ಕಿದವಂತೆ.

"ಅಕ್ಷರ ನಿನ್ನದ್ದೇ," ಎಂದರು. "ಮೂರು ಗಂಟೆ, ನಾಲ್ಕು ಗಂಟೆ... ಏಳರವರೆಗೆ ಐದೂ ಸರಿ. 'ಬಿಡಿಸಬಾರದು' ಅಂತ ಬರೆದದ್ದು ಎಲ್ಲಿ?"

ಕವರು ಕಸಿದುಕೊಳ್ಳಲು ನಾನು ಕಾಲು ತೆಗೆದೆ. ಗ್ರೈಂಡರ್ ಅದೇ ಸಮಯವೆಂದು ನನ್ನನ್ನು ದಾಟಿ, ನಿಧಾನವಾಗಿ, ಹಿಂಬಾಗಿಲ ಕಡೆಗೆ ಹೊರಟಿತು.